ಕ್ಷೇಮ ಎಂದು ಬರೆದವಳು

ಅವಳಿಗೆ ಆಪರೇಷನ್ ಆಗಿ ಒಂದು ತಿಂಗಳು ಕಳೆದ ಮೇಲೆ ಅವಳಿಂದ ನನ್ನ ಮೊಬೈಲಿಗೆ ಮೊದಲ ಮೆಸೇಜು ಬಂತು. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ‘ನಾನು ಇಲ್ಲಿ ಕ್ಷೇಮ. ತಾವು ಅಲ್ಲಿ ಕ್ಷೇಮವೆಂದು ನಂಬಿರುತ್ತೇನೆ. ಇಂತಿ ನಮಸ್ಕಾರಗಳು.’

ಮೊಮ್ಮಗಳನ್ನು ಕರೆದು ಕೇಳಿದೆ, “ಇದು ಯಾವ ಬ್ಯಾಂಕಿನವರು ಕಳಿಸಿದ್ದು?”

“ಬ್ಯಾಂಕಲ್ಲ ಅಜ್ಜಿ. ಕುಂಬ್ರದ ನಿಮ್ಮ ಫ್ರೆಂಡು. ಮೇಲೆ ಅವರ ಗುಲಾಬಿ ಹೂವಿನ ಚಿತ್ರ ಉಂಟಲ್ಲ.”

“ಗುಲಾಬಿ ಹೂವು ಯಾರು ಬೇಕಾದ್ರೂ ಹಾಕ್ಬಹುದು. ಅವಳು ನನ್ನನ್ನು ತಾವು ಅನ್ನುದಾ? ಅವಳ ಗಂಡನನ್ನೇ ಅವಳು ತಾವು ಅಂದವಳಲ್ಲ.”

ಮೊಮ್ಮಗಳು ನಕ್ಕು ಹೋದಳು. ನನಗೆ ನಗು ಬರಲಿಲ್ಲ. ಆ ಮೂರು ಸಾಲನ್ನು ಮತ್ತೆ ಓದಿದೆ. ಅದರಲ್ಲಿ ಅವಳು ಎಲ್ಲಿಯೂ ಇರಲಿಲ್ಲ.

ಅವಳು ಯಾರು ಎಂದು ಮೊದಲು ಹೇಳುತ್ತೇನೆ. ಬೆಟ್ಟಂಪಾಡಿಯಲ್ಲಿ ನಮ್ಮ ಮನೆ ಮತ್ತು ಅವಳ ಮನೆ ಒಂದೇ ಬೇಲಿಯ ಆಚೆ ಈಚೆ. ನಾನು ಐವರ್ನಾಡಿನಿಂದ ಮದುವೆಯಾಗಿ ಬಂದವಳು, ನಮ್ಮ ಮನೆಯೊಳಗೆ ಅರೆಭಾಷೆ. ಅವರು ಬ್ಯಾರಿಗಳು, ಅವರ ಮನೆಯೊಳಗೆ ಬ್ಯಾರಿ ಭಾಷೆ. ಬೇಲಿಯ ಹತ್ತಿರ ಬಂದರೆ ಇಬ್ಬರದ್ದೂ ತುಳು. ಕನ್ನಡ ಎಂದರೆ ನಮಗೆ ಶಾಲೆ, ಪಂಚಾಯತು, ಆಸ್ಪತ್ರೆಯ ಚೀಟಿ. ಕನ್ನಡದಲ್ಲಿ ನಾವಿಬ್ಬರು ಒಬ್ಬರಿಗೊಬ್ಬರು ಒಂದು ಮಾತು ಆಡಿದ ನೆನಪು ನನಗಿಲ್ಲ. ಇಲ್ಲಿ ಅವಳ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಓದುವವರಿಗೆ ಗೊತ್ತಾಗಬೇಕಲ್ಲ. ಆದರೆ ಅವಳು ಆಡಿದ್ದೆಲ್ಲ ತುಳು ಎಂದು ತಿಳಿದುಕೊಳ್ಳಿ.

ನಮ್ಮನ್ನು ಹತ್ತಿರ ಮಾಡಿದ್ದು ಬೀಡಿ. ಮಧ್ಯಾಹ್ನ ಗಂಜಿ ಉಂಡು ಅವಳ ಜಗಲಿಯಲ್ಲೋ ನನ್ನ ಜಗಲಿಯಲ್ಲೋ ತಡ್ಪೆಯನ್ನು ಮಡಿಲಲ್ಲಿಟ್ಟು ಕೂರುತ್ತಿದ್ದೆವು. ತಡ್ಪೆ ಎಂದರೆ ಮೊರ. ಅದರಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಕತ್ತರಿ. ಬೀಡಿ ಕಟ್ಟುವುದಕ್ಕೆ ಕೈ ಸಾಕು, ಬಾಯಿ ಬೇಡ. ಹಾಗಾಗಿ ಬಾಯಿ ಖಾಲಿ ಉಳಿಯುತ್ತದೆ. ನನ್ನ ಬಾಯಿ ಖಾಲಿ ಉಳಿದದ್ದು ಕಡಿಮೆ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಅವಳು ಹದಿನೇಳು, ಹದಿನೆಂಟು ಎಂದು ಎಣಿಸುವ ಹೊತ್ತಿಗೆ ಸರಿಯಾಗಿ ನನಗೆ ಯಾರದ್ದಾದರೂ ಸುದ್ದಿ ನೆನಪಾಗುತ್ತಿತ್ತು. ಅವಳ ಎಣಿಕೆ ತಪ್ಪುತ್ತಿತ್ತು. ತಲೆ ಎತ್ತದೆ ಹೇಳುತ್ತಿದ್ದಳು, “ಬಾಯಿ ಮುಚ್ಚ್‌ದ್ ಕುಲ್ಲ್.” ಬಾಯಿ ಮುಚ್ಚಿ ಕೂತುಕೋ ಅಂತ. ದಿನಕ್ಕೆ ಹತ್ತು ಸಲವಾದರೂ ಈ ಮಾತು. ನಾನು ಎರಡು ನಿಮಿಷ ಮುಚ್ಚಿ ಕೂರುತ್ತಿದ್ದೆ. ಆಮೇಲೆ ಅವಳೇ, “ಮತ್ತೆ ಆ ಹೆಂಗಸು ಎಂತ ಹೇಳಿದ್ಳು?” ಎಂದು ಕೇಳುತ್ತಿದ್ದಳು.

ಅವಳ ನಾಲಿಗೆ ಹರಿತ. ಕಟ್ಟಿದ ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೋದರೆ ಅಲ್ಲಿ ಒಬ್ಬ ಚೆಕ್ಕರ್ ಇದ್ದ. ಕಟ್ಟು ಬಿಚ್ಚಿ ಒಂದೊಂದೇ ಬೀಡಿ ಮೂಗಿನ ಹತ್ತಿರ ಹಿಡಿದು, ಇದು ಸಡಿಲ, ಇದು ಗಿಡ್ಡ ಎಂದು ಬಿಸಾಡುವವನು. ಅವನಿಗೆ ಅವಳು ತುಳುವಿನಲ್ಲಿ ಒಂದು ಹೆಸರು ಇಟ್ಟಿದ್ದಳು. ಆ ಹೆಸರು ಇಲ್ಲಿ ಬರೆಯುವಂಥದ್ದಲ್ಲ. ಅವನ ಎದುರು ನಿಂತಾಗ ಮಾತ್ರ ಅವಳು ತಲೆಗೆ ಸೆರಗು ಸರಿಮಾಡಿ ಕನ್ನಡದಲ್ಲಿ “ಹೌದು ಸರ್, ಆಯ್ತು ಸರ್” ಎನ್ನುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಆ ಹೆಸರು ಹೇಳುತ್ತಿದ್ದಳು. ದಾರಿಯುದ್ದಕ್ಕೂ ನಾನು ನಕ್ಕು ನಕ್ಕು ತಲೆಯ ಮೇಲಿನ ಎಲೆಯ ಕಟ್ಟು ಬೀಳುತ್ತಿತ್ತು.

ಅವಳ ಗಂಡ ತೀರಿಕೊಂಡ ಮೇಲೆ ಮಗಳು ಅವಳನ್ನು ಕುಂಬ್ರಕ್ಕೆ ಕರೆದುಕೊಂಡು ಹೋದಳು. ದೂರವೇನಲ್ಲ, ಆದರೆ ಬೇಲಿಯಾಚೆಯೂ ಅಲ್ಲ. ಆಗ ನನಗೆ ಮಗ ಒಂದು ಮೊಬೈಲು ಕೊಟ್ಟಿದ್ದ. ಬೆಳಿಗ್ಗೆ ಎಸರಿಗೆ ಕುಚ್ಚಲಕ್ಕಿ ಹಾಕಿ ಫೋನು ಮಾಡುತ್ತಿದ್ದೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಎಂದು ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಅಷ್ಟು ಹೊತ್ತು ಮಾತು. ಅಲ್ಲಿಗೆ ಯಾವ ಮೀನು ಬಂದಿದೆ, ಇಲ್ಲಿಗೆ ಯಾವ ಮೀನು ಬಂದಿದೆ. ಯಾರ ಸೊಸೆ ತವರಿಗೆ ಹೋದವಳು ಬರಲಿಲ್ಲ. ಯಾರ ಬಾವಿಗೆ ಬೆಕ್ಕು ಬಿತ್ತು. ಒಂದು ದಿನ ಸೊಸೆ ಬಂದು, “ಅತ್ತೆ, ಅನ್ನ ಪಾಯಸ ಆಗಿದೆ” ಎಂದಳು. ಫೋನಿನಲ್ಲಿ ಕೇಳಿಸಿಕೊಂಡ ಅವಳು, “ಬೆಲ್ಲ ಹಾಕ್ಲಿಕ್ಕೆ ಹೇಳು” ಎಂದಳು.

ಒಂದು ಮಳೆಗಾಲದಲ್ಲಿ ಅವಳ ಸ್ವರ ಒಡೆಯಿತು. ಮೊದಲು ಶೀತ ಎಂದೆವು. ಕಷಾಯ ಕುಡಿದಳು, ಜೇನು ನೆಕ್ಕಿದಳು. ಸ್ವರ ಇನ್ನೂ ದಪ್ಪವಾಯಿತು.

“ನಿನ್ನ ಸ್ವರ ಮೀನಿನ ಗಾಡಿಯವನ ಹಾಗೆ ಆಗಿದೆ” ಎಂದೆ.

“ಅವನ ಹತ್ರ ಮೀನಾದ್ರೂ ಉಂಟು” ಎಂದು ನಕ್ಕಳು.

ಕಾಯಿಲೆಯವಳಿಗೆ ಹಾಗೆ ಹೇಳಬಾರದಿತ್ತು ಎಂದು ನನಗೆ ಅನಿಸುವುದಿಲ್ಲ. ಹೇಳಿದ್ದರಿಂದ ಅವಳ ನಗು ಒಮ್ಮೆ ಕೇಳಿಸಿತು. ಸ್ವರ ಇದ್ದ ನಗು ನಾನು ಕೇಳಿದ್ದು ಅದೇ ಕೊನೆ.

ಗಂಟಲಲ್ಲಿ ಗಂಟು ಎಂದರು. ಮಂಗಳೂರಿಗೆ ಕರೆದುಕೊಂಡು ಹೋದರು. ಗಂಟಿನ ಒಟ್ಟಿಗೆ ಸ್ವರದ ಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಒಂದು ತೂತು, ಉಸಿರಾಟ ಅದರಲ್ಲೇ. ಮಗನ ಜೊತೆ ಒಂದು ಸಲ ನೋಡಲು ಹೋದೆ. ಮೂಗಿನಲ್ಲಿ ಪೈಪು ಇತ್ತು. ನನ್ನ ಕೈ ಹಿಡಿದಳು. ನನಗೆ ಬೇರೆ ಏನೂ ತೋಚದೆ, “ಉಂಡಿಯಾ?” ಎಂದು ಕೇಳಿದೆ. ಮೂಗಿನಲ್ಲಿ ಪೈಪು ಇರುವವಳಿಗೆ! ಅವಳು ಕಣ್ಣು ಮೇಲೆ ಮಾಡಿ ನನ್ನನ್ನು ನೋಡಿದ ನೋಟದಲ್ಲಿ ಬೈಗುಳ ಇತ್ತು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವಳು ಕುಂಬ್ರಕ್ಕೆ ಬಂದ ಮೇಲೆ ನಾನು ಹೋಗಲಿಲ್ಲ. ಕಾಲುಗಂಟು ನೋವು ಎಂದೆ. ಮಳೆ ಎಂದೆ. ನಿಜ ಹೇಳಬೇಕೆಂದರೆ, ಉತ್ತರ ಕೊಡದವಳ ಎದುರು ಕೂತು ಎಂತ ಮಾಡುವುದು ಎಂದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರುವ ಗೆಳೆತನ ಬಾಯಿಯದ್ದು.

ಮೊಮ್ಮಗಳು ಒಂದು ದಾರಿ ತೋರಿಸಿದಳು. “ಅಜ್ಜಿ, ನೀವು ವಾಯ್ಸ್ ಕಳಿಸಿ. ಅವರು ಕೇಳ್ತಾರೆ. ಅವರು ಬರೆದು ಕಳಿಸ್ತಾರೆ, ನೀವು ಓದಿ.”

ನಾನು ಓದಿದ್ದು ಎರಡನೇ ಕ್ಲಾಸು. ತಮ್ಮ ಹುಟ್ಟಿದ ಮೇಲೆ ಅವನನ್ನು ನೋಡಿಕೊಳ್ಳಲು ಶಾಲೆ ಬಿಡಿಸಿದರು. ಬಸ್ಸಿನ ಬೋರ್ಡು, ರೇಷನ್ ಕಾರ್ಡು ಓದಿ ಉಳಿಸಿಕೊಂಡ ಅಕ್ಷರ ನನ್ನದು. ಅವಳು ನಾಲ್ಕನೆಯವರೆಗೆ ಹೋದವಳು, ನನಗಿಂತ ವಿದ್ವಾಂಸೆ. ಅದನ್ನು ಅವಳು ನಲವತ್ತು ವರ್ಷ ನನಗೆ ನೆನಪು ಮಾಡುತ್ತಲೇ ಇದ್ದಳು.

ವಾಯ್ಸ್ ಕಳಿಸುವುದು ಸುಲಭ. ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡಿದರೆ ಆಯಿತು. ನಾನು ಮೊದಲಿನ ಹಾಗೆಯೇ ಎಸರಿಗೆ ಅಕ್ಕಿ ಹಾಕಿ ಶುರು ಮಾಡುತ್ತಿದ್ದೆ. ಹತ್ತು ನಿಮಿಷ, ಹನ್ನೆರಡು ನಿಮಿಷ. ಊರಿನ ಸುದ್ದಿ ಎಲ್ಲ ಹೇಳಿ ನಡುನಡುವೆ ಅವಳನ್ನೂ ಕೇಳುತ್ತಿದ್ದೆ. ನೋವು ಉಂಟಾ? ಗಂಜಿ ಇಳೀತದಾ? ಮಗಳು ಸರಿಯಾಗಿ ನೋಡಿಕೊಳ್ತಾಳಾ, ಇಲ್ಲಾ ನಾನು ಬರಬೇಕಾ?

ಅದಕ್ಕೆಲ್ಲ ಸೇರಿ ಸಂಜೆ ಒಂದು ಉತ್ತರ. ‘ತಮ್ಮ ಸಂದೇಶ ತಲುಪಿತು. ಸಂತೋಷವಾಯಿತು. ಇಲ್ಲಿ ಎಲ್ಲರೂ ಕ್ಷೇಮ.’

ಮರುದಿನ, ‘ಇಲ್ಲಿ ಮಳೆ ಬರುತ್ತಿದೆ. ಆರೋಗ್ಯ ಉತ್ತಮವಾಗಿದೆ. ತಾವು ಆರೋಗ್ಯವನ್ನು ಕಾಪಾಡಿಕೊಳ್ಳಿ.’

ಇದು ಅವಳಲ್ಲ ಎಂದು ನನಗೆ ಖಾತ್ರಿಯಾಗುತ್ತ ಬಂತು. ಅವಳ ಮಗಳ ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಅವಳೇ ಬರೆಯುತ್ತಿರಬೇಕು ಎಂದುಕೊಂಡೆ. ಅಜ್ಜಿಗೆ ಫೋನೇ ಕೊಡುತ್ತಿಲ್ಲ. ಅಥವಾ ಅವಳಿಗೆ ನೆನಪು ಹೋಗಿದೆ, ಅದನ್ನು ನನ್ನಿಂದ ಮುಚ್ಚಿಟ್ಟಿದ್ದಾರೆ. ಇನ್ನೂ ಒಂದು ಯೋಚನೆ ಬಂತು, ಅದು ಎಲ್ಲಕ್ಕಿಂತ ಕೆಟ್ಟದ್ದು. ಅವಳೇ ಬರೆಯುತ್ತಿದ್ದಾಳೆ, ಬೇಕೆಂದೇ ಹೀಗೆ ಬರೆಯುತ್ತಿದ್ದಾಳೆ. ನಾನು ನೋಡಲು ಹೋಗದ ಸಿಟ್ಟಿಗೆ ನನ್ನನ್ನು ಬ್ರಾಂಚಿನ ಚೆಕ್ಕರನ ಜಾಗದಲ್ಲಿ ನಿಲ್ಲಿಸಿದ್ದಾಳೆ. ಹೌದು ಸರ್, ಆಯ್ತು ಸರ್.

ಒಂದು ಪರೀಕ್ಷೆ ಮಾಡಿ ನೋಡೋಣ ಎಂದು ವಾಯ್ಸಿನಲ್ಲಿ ಕೇಳಿದೆ. “ಮಾರಾಯ್ತಿ, ಆ ಚೆಕ್ಕರನಿಗೆ ನೀನು ಒಂದು ಹೆಸರು ಇಟ್ಟಿದ್ದಿಯಲ್ಲ, ಎಂತ ಅದು? ನನಗೆ ಮರ್ತು ಹೋಯ್ತು.” ಮರೆತಿರಲಿಲ್ಲ. ಅದನ್ನು ಮರೆಯಲು ಸಾಧ್ಯವೂ ಇಲ್ಲ.

ಉತ್ತರ ಬಂತು. ‘ಅದು ಬರೆಯತಕ್ಕ ಮಾತಲ್ಲ. ದಯವಿಟ್ಟು ಕ್ಷಮಿಸಿ.’

ಫೋನನ್ನು ಅಕ್ಕಿಯ ಡಬ್ಬದ ಮೇಲೆ ಕವುಚಿ ಇಟ್ಟೆ. ಕ್ಷಮಿಸಿ ಅಂತೆ! ನನ್ನ ಎಲೆಯ ಕಟ್ಟಿನ ಮೇಲೆ ಅವಳ ಆಡು ನಿಂತು ತಿಂದ ದಿನ ಕೂಡ ಅವಳು ಕ್ಷಮಿಸಿ ಎಂದವಳಲ್ಲ. “ನಿನ್ನ ಎಲೆಗೆ ರುಚಿ ಉಂಟು, ಸಂತೋಷ ಪಡು” ಎಂದವಳು.

ಅಂದಿನಿಂದ ನಾನು ವಾಯ್ಸ್ ಕಳಿಸುವುದು ಬಿಟ್ಟೆ. ಯಾರೋ ಮಗುವಿನ ಜೊತೆ ಮಾತಾಡಲು ನನಗೇನು ಹೊತ್ತು ಹೋಗುವುದಿಲ್ಲವೇ? ಮಾತು ಬಿಟ್ಟ ಮೇಲೆ ಅನ್ನ ಸರಿಯಾಗಿ ಬೆಂದಿತು. ಸೊಸೆಗೆ ಖುಷಿಯಾಯಿತು. ನನಗೆ ಆ ಅನ್ನ ಸೇರಲಿಲ್ಲ, ಅದು ಬೇರೆ ಮಾತು.

ಅಲ್ಲಿಂದ ಮೆಸೇಜು ಬರುತ್ತಲೇ ಇತ್ತು. ‘ತಮ್ಮ ಧ್ವನಿ ಕೇಳದೆ ನಾಲ್ಕು ದಿನವಾಯಿತು.’ ಆಮೇಲೆ, ‘ತಾವು ಮೌನವಾಗಿರುವ ಕಾರಣ ತಿಳಿಯಲಿಲ್ಲ.’ ಓದಿ ಸುಮ್ಮನಿದ್ದೆ. ಎರಡು ವಾರ ಕಳೆದು ಇನ್ನೊಂದು ಬಂತು. ‘ನನ್ನಿಂದ ತಮಗೆ ತೊಂದರೆಯಾಗಿರಬಹುದು. ಇನ್ನು ಮುಂದೆ ಬರೆಯುವುದಿಲ್ಲ.’

ಇದನ್ನು ಮಾತ್ರ ಮೂರು ಸಲ ಓದಿದೆ. ಹೈಸ್ಕೂಲಿನ ಹುಡುಗಿಗೆ ನನ್ನ ಮೌನದಿಂದ ಏನು ನಷ್ಟ? ಅವಳು ಯಾಕೆ ಇಷ್ಟು ನೊಂದುಕೊಂಡು ಬರೆಯುತ್ತಾಳೆ? ಇದು ಅವಳೇ ಆಗಿದ್ದರೆ ನಾನು ಮಾಡಿದ್ದು ಏನು?

ಮರುದಿನ ಬೆಳಿಗ್ಗೆ ಸೊಸೆಗೆ ಹೇಳಿದೆ, “ಇವತ್ತು ಅನ್ನ ನೀನು ಮಾಡು. ನಾನು ಕುಂಬ್ರಕ್ಕೆ ಹೋಗಿ ಬರ್ತೇನೆ.”

“ಕಾಲುಗಂಟು?” ಎಂದಳು ಸೊಸೆ.

“ಅದೂ ಬರ್ತದೆ.”

ಪುತ್ತೂರಿಗೆ ಹೋಗಿ ಸುಳ್ಯದ ಬಸ್ಸು ಹತ್ತಬೇಕು. ಆಧಾರ್ ಕಾರ್ಡು ತೋರಿಸಿದರೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟು ಬಿಟ್ಟಿ. ಅದಕ್ಕೇ ಏನೋ, ಕೂರಲು ಜಾಗ ಇರಲಿಲ್ಲ. ಕಂಬ ಹಿಡಿದು ನಿಂತು ಮನಸ್ಸಿನಲ್ಲಿ ಜಗಳ ತಯಾರು ಮಾಡಿದೆ. ಅವಳ ಮಗಳಿಗೆ ಏನು ಹೇಳಬೇಕು, ಮೊಮ್ಮಗಳಿಗೆ ಏನು ಹೇಳಬೇಕು, ಎಲ್ಲ ಸಾಲಾಗಿ ಇಟ್ಟುಕೊಂಡೆ.

ಮಗಳು ಬಾಗಿಲು ತೆರೆದಳು. ನಾನು ಸ್ನಾನ ಮಾಡಿಸಿ ಎತ್ತಿಕೊಂಡ ಮಗು, ಈಗ ಅವಳ ತಲೆಯಲ್ಲೂ ನಾಲ್ಕು ಬಿಳಿ ಕೂದಲು.

“ಅಕ್ಕಾ! ಬನ್ನಿ ಬನ್ನಿ. ಉಮ್ಮ ಹಿಂದಿನ ಜಗಲಿಯಲ್ಲಿ ಇದ್ದಾರೆ. ನಿಮ್ಮದೇ ಚಿಂತೆ ಅವರಿಗೆ.”

“ನನ್ನ ಚಿಂತೆ ಮಾಡುವಷ್ಟು ನೆನಪು ಉಂಟಾ ಅವಳಿಗೆ?”

“ಎಂತ ಹೇಳ್ತೀರಿ ಅಕ್ಕ? ನೆನಪು ಹೆಚ್ಚಾಗಿಯೇ ನಮಗೆ ಕಷ್ಟ.”

“ಮತ್ತೆ ಮೆಸೇಜು ಬರೆಯುದು ಯಾರು? ನಿನ್ನ ಮಗಳಾ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಉಮ್ಮ ಫೋನು ಅವಳಿಗೆ ಮುಟ್ಲಿಕ್ಕೇ ಬಿಡುದಿಲ್ಲ. ಹೋಗಿ ನೀವೇ ನೋಡಿ.”

ಹಿಂದಿನ ಬಾಗಿಲಲ್ಲಿ ನಿಂತು ನೋಡಿದೆ. ಅವಳು ನನಗೆ ಬೆನ್ನು ಹಾಕಿ ಚಾಪೆಯ ಮೇಲೆ ಕೂತಿದ್ದಳು. ಇಳಿದು ಹೋಗಿದ್ದಳು. ಮಡಿಲಲ್ಲಿ ಹಳೆಯ ತಡ್ಪೆ. ಅದರಲ್ಲಿ ಎಲೆಯಿಲ್ಲ, ಹೊಗೆಸೊಪ್ಪಿಲ್ಲ. ನಡುವಿನಲ್ಲಿ ಮೊಬೈಲು. ಅವಳು ಬಲಗೈಯ ತೋರುಬೆರಳಿನಿಂದ ಗಾಜಿನ ಮೇಲೆ ಅಕ್ಷರ ಬಿಡಿಸುತ್ತಿದ್ದಳು. ನಮ್ಮಂಥವರಿಗೆ ಅದರಲ್ಲಿ ಹಾಗೊಂದು ಉಪಾಯ ಇದೆ, ಬೆರಳಿನಲ್ಲಿ ಗೀಚಿದರೆ ಅದು ಅಚ್ಚಿನ ಅಕ್ಷರ ಮಾಡಿ ಕೊಡುತ್ತದೆ. ಒಂದು ಅಕ್ಷರ ಬಿಡಿಸಿದಳು. ಫೋನು ಬೇರೆ ಯಾವುದೋ ಅಕ್ಷರ ಕೊಟ್ಟಿತು. ಅಳಿಸಿದಳು. ಮತ್ತೆ ಬಿಡಿಸಿದಳು. ಮತ್ತೆ ತಪ್ಪಿತು. ಆಗ ಬೀಡಿಯ ಎಣಿಕೆ ತಪ್ಪಿದಾಗ ಹೊಡೆದುಕೊಳ್ಳುತ್ತಿದ್ದ ಹಾಗೆಯೇ ಪಟ್ಟೆಂದು ತೊಡೆಗೆ ಹೊಡೆದುಕೊಂಡಳು.

ನಾನು ಬಸ್ಸಿನಲ್ಲಿ ಸಾಲಾಗಿ ಇಟ್ಟ ಜಗಳ ಎಲ್ಲ ಅಲ್ಲೇ ಮಗುಚಿಬಿತ್ತು. ಹಾಗೆಂದು ಸುಮ್ಮನಿರುವವಳಲ್ಲ ನಾನು. ಎದುರು ಹೋಗಿ ಕೂತೆ.

“ಯಾರು ಮಾರಾಯ್ತಿ ನಿನಗೆ ತಾವು? ನಾನು ಎಂತ ತಹಶೀಲ್ದಾರಾ?”

ಅವಳು ಬೆಚ್ಚಿ ತಲೆ ಎತ್ತಿದಳು. ಕುತ್ತಿಗೆಯ ತೂತಿನ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿದ್ದಳು. ಅದು ಉಬ್ಬಿ ಇಳಿಯಿತು. ತುಟಿ ಏನೋ ಹೇಳಿತು. ಬರೇ ಗಾಳಿ. ನನಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳಿದಳು, ಗೊತ್ತಾಗಲಿಲ್ಲ. ಚಾಪೆಯ ಅಡಿಯಿಂದ ಒಂದು ಸ್ಲೇಟು ಎಳೆದು ಬಳಪದಲ್ಲಿ ಬರೆದಳು. ಅಕ್ಷರ ಮಾತ್ರ ಮುತ್ತಿನ ಹಾಗೆ, ಅದನ್ನು ಒಪ್ಪಬೇಕು.

‘ತಾವು ಯಾಕೆ ಬರಲಿಲ್ಲ?’

“ನೋಡು, ಪುನಃ ತಾವು!”

ಒರೆಸಿ ಬರೆದಳು. ‘ಬರೆಯುವಾಗ ಹೀಗೆಯೇ ಬರೆಯಬೇಕು. ಮೇಷ್ಟ್ರು ಹೇಳಿಕೊಟ್ಟಿದ್ದಾರೆ.’

“ಯಾವ ಮೇಷ್ಟ್ರು?”

‘ನಾಲ್ಕನೆಯ ತರಗತಿಯ ಮೇಷ್ಟ್ರು. ಪತ್ರ ಲೇಖನ.’

“ಆ ಮೇಷ್ಟ್ರು ನಿನ್ನ ಮದುವೆಗೆ ಮೊದಲೇ ಸತ್ತಿರಬೇಕು.”

ಅವಳ ಭುಜ ಕುಣಿಯಿತು. ಅದು ನಗು ಎಂದು ನನಗೆ ಆಮೇಲೆ ಗೊತ್ತಾಯಿತು. ಈಗ ಅವಳ ನಗು ಭುಜದಲ್ಲಿ ಇದೆ.

ನಾನು ಎಲ್ಲ ಹೇಳಿದೆ. ಮೊದಲು ಬ್ಯಾಂಕಿನವರು ಎಂದುಕೊಂಡದ್ದು, ಅವಳ ಮೊಮ್ಮಗಳು ಬರೆಯುತ್ತಾಳೆ ಎಂದುಕೊಂಡದ್ದು, ನೆನಪು ಹೋಗಿದೆ ಎಂದುಕೊಂಡದ್ದು, ಸಿಟ್ಟಿನಲ್ಲಿ ನನ್ನನ್ನು ದೂರ ಮಾಡಿದ್ದಾಳೆ ಎಂದುಕೊಂಡದ್ದು. ಅವಳು ಕೇಳಿದಳು. ಆಮೇಲೆ ಅವಳ ಸಿಟ್ಟು ಬಂತು. ಸ್ಲೇಟು ತುಂಬ ಬರೆದಳು, ಒರೆಸಿ ಇನ್ನೊಂದು ಸಲ ತುಂಬಿದಳು. ಒಟ್ಟು ಹೀಗಿತ್ತು. ‘ತಾವು ಹನ್ನೆರಡು ನಿಮಿಷ ಮಾತನಾಡುತ್ತೀರಿ. ಎಂಟು ಪ್ರಶ್ನೆ ಕೇಳುತ್ತೀರಿ. ನಾನು ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಬೆರಳು ನೋಯುತ್ತದೆ. ಮೂರು ಸಾಲಿಗೆ ಮೂರು ಗಂಟೆ. ತಾವು ಅದನ್ನು ಬ್ಯಾಂಕು ಎನ್ನುತ್ತೀರಿ.’

ಹನ್ನೆರಡು ನಿಮಿಷ ಮಾತಾಡಿ ನಾನು ಅವಳ ಮೇಲೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮಾತು ಹೋದವಳ ಎದುರು ದಿನಾ ಬೆಳಿಗ್ಗೆ ನನ್ನ ಮಾತಿನ ಮೂಟೆ ತಂದು ಸುರಿಯುತ್ತಿದ್ದೆ. ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

“ಆಯ್ತು, ನನ್ನದೂ ತಪ್ಪು” ಎಂದೆ. ನನ್ನ ಬಾಯಿಂದ ಈ ಮಾತು ಕೇಳಿ ಅವಳ ಮಗಳು ಒಳಗಿಂದ ಇಣುಕಿ ನೋಡಿದಳು. “ಆದ್ರೆ ನೀನು ಒಂದು ಕೆಲಸ ಮಾಡು. ಒಂದು ಸಲ ನನ್ನನ್ನು ಬೈ. ಬರೆದು ಬೈ. ನೀನು ನೀನೇ ಅಂತ ನಾನು ನಂಬ್ತೇನೆ.”

ಬಳಪ ಹಿಡಿದು ತುಂಬ ಹೊತ್ತು ಯೋಚಿಸಿದಳು. ನಾಲ್ಕನೆಯ ಕ್ಲಾಸಿನಲ್ಲಿ ಬೈಗುಳ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಬರೆದು ನನ್ನ ಕಡೆ ತಿರುಗಿಸಿದಳು.

‘ತಾವು ಮೂರ್ಖರು.’

ಚಾ ತಂದ ಮಗಳು ಅದನ್ನು ಓದಿ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅವಳ ಭುಜವೂ ಕುಣಿಯಿತು, ಆದರೆ ಕಣ್ಣಿನಲ್ಲಿ ನೀರು ಬಂತು. ಅದು ನಗುವಿನದ್ದೋ ಬೇರೆಯದ್ದೋ ನಾನು ಕೇಳಲಿಲ್ಲ.

ಮಗಳೇ ಹೇಳಿದಳು. “ಉಮ್ಮ, ನೀವು ಯಾಕೆ ಕನ್ನಡದಲ್ಲಿ ಬರೆಯುದು? ನಿಮ್ಮದು ತುಳು ಅಲ್ವಾ? ತುಳುವಿನಲ್ಲೇ ಬರೀರಿ. ಅಕ್ಷರ ಕನ್ನಡದ್ದು, ಮಾತು ತುಳು. ನಾವು ಅಕ್ಕ ತಂಗಿಯರು ಬ್ಯಾರಿ ಭಾಷೆಯನ್ನು ಹಾಗೇ ಬರೆಯುದು.”

ನಾವಿಬ್ಬರೂ ಅವಳ ಮುಖ ನೋಡಿದೆವು. ಇಷ್ಟು ವರ್ಷದಲ್ಲಿ ಇದು ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ. ಕನ್ನಡದ ಅಕ್ಷರದಲ್ಲಿ ಕನ್ನಡವನ್ನು ಮಾತ್ರ ಬರೆಯಬೇಕು ಎಂದೇ ನಾವು ತಿಳಿದದ್ದು. ತುಳು ಬಾಯಿಯಲ್ಲಿ ಇರುವಂಥದ್ದು, ಅದನ್ನು ಯಾರಾದರೂ ಬರೆಯುತ್ತಾರೆಯೇ?

ಅವಳು ಬೇಡ ಎಂದು ತಲೆಯಾಡಿಸಿದಳು. ಎಡಗೈ ಚಾಚಿ, ಬಲಗೈಯ ಬಳಪದಿಂದ ಅಂಗೈಗೆ ಎರಡು ಸಲ ಹೊಡೆದು ತೋರಿಸಿದಳು. ನನಗೆ ಕೂಡಲೇ ಅರ್ಥವಾಯಿತು. ನಮ್ಮ ಕಾಲದಲ್ಲಿ ಕ್ಲಾಸಿನೊಳಗೆ ತುಳು ಬಾಯಿಗೆ ಬಂದರೆ ಕೈಗೆ ಪೆಟ್ಟು. ನನಗೆ ಅರೆಭಾಷೆಗೂ ಬಿದ್ದಿತ್ತು. ಅವಳಿಗೆ ಬ್ಯಾರಿ ಭಾಷೆಗೂ ತುಳುವಿಗೂ ಸೇರಿ ಡಬಲ್ ಬಿದ್ದಿರಬೇಕು. ಅಷ್ಟು ಪೆಟ್ಟು ತಿಂದು ಕಲಿತದ್ದನ್ನು ಈಗ ಬಿಟ್ಟುಬಿಡು ಎಂದರೆ ಹೇಗೆ?

“ಈಗ ಹೊಡೆಯುವವರು ಯಾರು?” ಎಂದೆ. “ನಾನೇ ಹೊಡಿಬೇಕಷ್ಟೆ.”

ಅವಳು ಸ್ಲೇಟು ಒರೆಸಿದಳು. ಬರೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಪತ್ತಿರಿ ತಿಂದೆವು, ಅಕ್ಕಿಯ ತೆಳು ರೊಟ್ಟಿ. ಅವಳು ಅದನ್ನು ಹಾಲಿನಲ್ಲಿ ನೆನೆಸಿ ಸ್ವಲ್ಪ ಸ್ವಲ್ಪವೇ ನುಂಗಿದಳು. ಗಂಜಿ ಇಳಿಯುತ್ತದೆಯಾ ಎಂದು ನಾನು ಅಷ್ಟು ಸಲ ಕೇಳಿದ್ದಕ್ಕೆ ಉತ್ತರ ಆಗ ಕಣ್ಣೆದುರು ಸಿಕ್ಕಿತು. ಉತ್ತರ ಕೊಡದವಳ ಎದುರು ಕೂರುವುದು ನಾನು ಹೆದರಿದಷ್ಟು ಕಷ್ಟ ಆಗಿರಲಿಲ್ಲ. ಮಾತಿಲ್ಲದಿದ್ದರೂ ಅವಳು ನನ್ನ ಸೀರೆಯ ಅಂಚು ಬಿಚ್ಚಿಹೋದದ್ದನ್ನು ಬೆರಳಿನಿಂದ ತೋರಿಸಿ ಮುಖ ಸಿಂಡರಿಸಿದಳು.

ಬಸ್ಸಿಗೆ ಹೊರಡುವಾಗ ಹೇಳಿದೆ, “ಇನ್ನು ನಾನು ವಾಯ್ಸ್ ಕಳಿಸುದಿಲ್ಲ. ನಾನೂ ಬರೀತೇನೆ. ನಿನಗೆ ಮೂರು ಗಂಟೆ ಆದ್ರೆ ನನಗೆ ಆರು ಗಂಟೆ ಆಗ್ಲಿ. ಸಮ ಆಗ್ಬೇಕಲ್ಲ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎರಡನೇ ಕ್ಲಾಸಿನವಳು ಬರೆಯುತ್ತಾಳಂತೆ ಎಂಬ ನೋಟ.

ಮರುದಿನ ಮೊಮ್ಮಗಳಿಂದ ಬೆರಳಿನಲ್ಲಿ ಗೀಚುವ ಉಪಾಯ ನನ್ನ ಫೋನಿಗೂ ಹಾಕಿಸಿಕೊಂಡೆ. ಎಸರಿಗೆ ಅಕ್ಕಿ ಹಾಕಿ ಬೆಂಚಿನ ಮೇಲೆ ಕೂತೆ. ಬೀಡಿ ಕಟ್ಟಿದ ಬೆರಳಿನ ತುದಿ ಸವೆದು ಹೋಗಿದೆ. ನನ್ನ ಬೆರಳನ್ನು ಆ ಗಾಜು ಗುರುತಿಸುವುದೇ ಇಲ್ಲ. ಸೆರಗಿನಲ್ಲಿ ಒರೆಸಿ, ಒದ್ದೆ ಮಾಡಿ, ಪುನಃ ಒರೆಸಿ ಗೀಚಿದೆ. ‘ಉ’ ಎಂದರೆ ಅದು ಒಂಬತ್ತು ಎನ್ನುತ್ತದೆ. ‘ಣ’ ಬರೆಯಲು ಹೋಗಿ ನನಗೇ ‘ಣ’ ಮರೆತುಹೋಗಿ ರೇಷನ್ ಕಾರ್ಡು ತೆಗೆದು ಹುಡುಕಿದೆ. ಅನ್ನ ಬೆಂದು, ಬಸಿದು, ಎಲ್ಲರೂ ಉಂಡರು. ಮಧ್ಯಾಹ್ನ ಕಳೆದ ಮೇಲೆ ಎರಡು ಶಬ್ದ ಆಯಿತು. ‘ಉಣಸ್ ಆಂಡಾ?’ ಊಟ ಆಯಿತಾ ಅಂತ. ಆಸ್ಪತ್ರೆಯಲ್ಲಿ ಪೈಪು ಇದ್ದವಳಿಗೆ ಕೇಳಿದ್ದೂ ಅದೇ. ನನ್ನಲ್ಲಿ ಬೇರೆ ಪ್ರಶ್ನೆ ಇಲ್ಲ.

ಕಳಿಸಿದೆ. ಅವಳು ಓದಿದ ಗುರುತು ಬಂತು. ‘ಬರೆಯುತ್ತಿದ್ದಾರೆ’ ಎಂದು ಮೇಲೆ ತೋರಿಸಿತು. ಕೋಳಿಗಳಿಗೆ ಅಕ್ಕಿ ಹಾಕಿ ಬಂದೆ, ಬರೆಯುತ್ತಿದ್ದಾರೆ. ಬಟ್ಟೆ ಮಡಚಿದೆ, ನಿಂತು ಹೋಗಿತ್ತು. ಬಿಟ್ಟಳು ಎಂದುಕೊಂಡೆ. ಅಂಗೈಯ ಪೆಟ್ಟು ಅಷ್ಟು ಸುಲಭದಲ್ಲಿ ಹೋಗುವುದಿಲ್ಲ. ನಾಳೆ ಪುನಃ ‘ತಾವು ಕ್ಷೇಮವೇ’ ಎಂದು ಬಂದರೆ ಬರಲಿ, ಅವಳ ಬೆರಳೇ ಅಂತ ಗೊತ್ತುಂಟಲ್ಲ, ಅಷ್ಟು ಸಾಕು ಎಂದು ಮನಸ್ಸಿಗೆ ಹೇಳಿಕೊಂಡೆ. ಅಂಗಳ ಗುಡಿಸಿ ಬಂದು ನೋಡಿದರೆ ಮತ್ತೆ ಬರೆಯುತ್ತಿದ್ದಾರೆ.

ಸಂಜೆಯ ಚಾಕ್ಕೆ ನೀರು ಇಡುವಾಗ ಫೋನು ಗುಂಯ್ ಎಂದಿತು. ಕನ್ನಡಕ ಹುಡುಕಿ ಓದಿದೆ.

‘ಬಾಯಿ ಮುಚ್ಚ್‌ದ್ ಕುಲ್ಲ್.’

ನಾನು ಇಡೀ ದಿನ ಬಾಯಿ ತೆರೆದೇ ಇರಲಿಲ್ಲ! ಒಲೆಯ ಎದುರು ಕೂತು ನಕ್ಕೆ. ಸೊಸೆ ಓಡಿಬಂದು, “ಎಂತ ಆಯ್ತು ಅತ್ತೆ?” ಎಂದಳು. “ಬೈದ್ಳು” ಎಂದೆ. “ಬೈದದ್ದಕ್ಕೆ ನಗುದಾ?” ಎಂದು ಅವಳು ಹೋದಳು. ನಾನು ಅಂದು ಉತ್ತರ ಬರೆಯಲಿಲ್ಲ. ಅವಳು ಹೇಳಿದ ಹಾಗೆ ಬಾಯಿ ಮುಚ್ಚಿ ಕೂತೆ. ಮರುದಿನ ಬೆಳಿಗ್ಗೆ ಅಕ್ಕಿ ಎಸರಿಗೆ ಬೀಳುವ ಮೊದಲೇ ಅವಳದ್ದು ಬಂದಿತ್ತು, ಮತ್ತೆ ತುಳುವಿನಲ್ಲಿ. ಕನ್ನಡ ಮಾಡಿದರೆ ಹೀಗೆ. ‘ಮತ್ತೆ? ಆ ಹೆಂಗಸು ಎಂತ ಹೇಳಿದ್ಳು?’

ಯಾವ ಹೆಂಗಸು ಎಂದು ಅವಳು ಬರೆಯಲಿಲ್ಲ. ನಾನೂ ಕೇಳಲಿಲ್ಲ. ಯಾರಾದರೂ ಒಬ್ಬಳು ಇದ್ದೇ ಇರುತ್ತಾಳೆ. ಬೆರಳು ಒರೆಸಿಕೊಂಡು ಗೀಚಲು ಶುರು ಮಾಡಿದೆ.

ಹೀಗೆ ಗೀಚಿ ಗೀಚಿಯೇ ನನಗೆ ಬರೆಯುವ ಧೈರ್ಯ ಬಂದದ್ದು. ಈ ಪುಟಗಳ ಕಾಗುಣಿತ ತಿದ್ದಿದವಳು ಮೊಮ್ಮಗಳು. ಫೋನು ಮಾತ್ರ ಅವಳಿಗೆ ಕೊಡುವುದಿಲ್ಲ. ಆ ಚೆಕ್ಕರನ ಹೆಸರು ಅದರಲ್ಲಿ ಇದೆ, ಕೊನೆಗೂ ನನ್ನ ಗೆಳತಿಯೇ ಬರೆದು ಕಳಿಸಿದ್ದು, ಕನ್ನಡದ ಅಕ್ಷರದಲ್ಲಿ, ಒಂದು ಕೊಂಬು ದೀರ್ಘವೂ ತಪ್ಪಿಲ್ಲದ ಹಾಗೆ.